ಸೋತವನ ಪಶ್ಚಾತ್ತಾಪ

ಸೋತ ಖಳನು ಪಾಪಕ್ಷಯದ ದಾರಿಯನ್ನು ಅರಸಬೇಕೆ, ಅಥವಾ ಸೋಲೇ ಅವನಿಗೆ ಸಾಕಾದ ಶಿಕ್ಷೆಯೆ? ಜೈನ ರಾಮಕಥೆಯನ್ನು ಓದಿದವರಿಗೆ ಈ ಪ್ರಶ್ನೆ ಎದುರಾಗದೆ ಇರದು.

ಒಲ್ಲದ ಪರಸ್ತ್ರೀಯನ್ನು ಮುಟ್ಟೆನೆಂದು ರಾವಣನು ಕೇವಲಿಯ ಸನ್ನಿಧಿಯಲ್ಲಿ ವ್ರತ ತೊಟ್ಟವನು. ಸೀತೆಯನ್ನು ಕದ್ದೊಯ್ದ ಮೇಲೂ ಅದರ ಅಕ್ಷರವನ್ನು ಅವನು ಮೀರಲಿಲ್ಲ. ಅದರ ಜೀವ ಮಾತ್ರ ಕದ್ದ ದಿನವೇ ಹೋಗಿತ್ತು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಲ್ಲಿ, ಬಹುರೂಪಿಣೀ ವಿದ್ಯೆಯನ್ನು ಸಾಧಿಸಿ ಅವನು ಸೀತೆಯ ಬಳಿಗೆ ಬಂದಾಗ, ರಾಮನಿಗೆ ಒದಗಬಹುದಾದ ಕೇಡನ್ನು ನೆನೆದು ಅವಳು ಮೂರ್ಛೆಹೋಗುತ್ತಾಳೆ. ಆ ಗಳಿಗೆಯಲ್ಲಿ ರಾವಣನ ಮನಸ್ಸು ತಿಳಿಯಾಗುತ್ತದೆ. ತನ್ನನ್ನು ತಾನೇ ಹಳಿದುಕೊಳ್ಳುತ್ತಾನೆ. ಆದರೆ ಆಗಲೇ ಸೀತೆಯನ್ನು ಒಪ್ಪಿಸಿದರೆ ಅಂಜಿದನೆಂಬ ಅಪಕೀರ್ತಿ ಬಂದೀತು; ಆದುದರಿಂದ ರಾಮಲಕ್ಷ್ಮಣರನ್ನು ಗೆದ್ದು ಸೆರೆಹಿಡಿದ ಅನಂತರವೇ ಒಪ್ಪಿಸುವುದೆಂದು ನಿಶ್ಚಯಿಸುತ್ತಾನೆ.

ತತ್ತ್ವಾರ್ಥಸೂತ್ರವು ಎಣಿಸುವ 9 ಪ್ರಾಯಶ್ಚಿತ್ತಗಳಲ್ಲಿ ಆಲೋಚನೆ, ಎಂದರೆ ದೋಷನಿವೇದನೆ, ಮೊದಲನೆಯದು. ದೋಷಯುಕ್ತವಾದ ವಸ್ತುವನ್ನು ಬಿಟ್ಟು ಬೇರ್ಪಡುವ ವಿವೇಕವು ನಾಲ್ಕನೆಯದು. ಉಪವಾಸಾದಿ ತಪವು ಬರುವುದು ಆರನೆಯದಾಗಿ. ಮುನಿಗಳಿಗೆ ವಿಧಿಸಿದ ಈ ಕ್ರಮವನ್ನು ರಾವಣನಿಗೆ ಅನ್ವಯಿಸಿ ನೋಡಿದರೆ ಅವನ ಕೊರತೆ ಎಲ್ಲಿಯದೆಂದು ಕಾಣುತ್ತದೆ. ತಪ್ಪನ್ನು ಅರಿತನು, ಮರುಗಿದನು, ಅಪಹರಿಸಿದುದನ್ನು ಕೈಬಿಡಲಿಲ್ಲ. ಗೆದ್ದವನಾಗಿ ಮಾತ್ರ ಒಳ್ಳೆಯವನಾಗಬೇಕೆಂಬ ಹಂಬಲವು ಮಾನಕಷಾಯವೇ ಹೊರತು ಮತ್ತೇನು? (ನಮ್ಮ ಮನೆಗಳ ದಾಯಾದಿ ವ್ಯಾಜ್ಯಗಳಲ್ಲಿಯೂ ಈ ಹಂಬಲ ಅಪರಿಚಿತವಲ್ಲ.) ಬಳಿಕ ಯುದ್ಧದಲ್ಲಿ ಲಕ್ಷ್ಮಣನಿಂದ ಅವನು ಹತನಾದನು.

ಇನ್ನು ಬದುಕುಳಿದ ಸೋತವರು. ರವಿಷೇಣಾಚಾರ್ಯರ 7ನೆಯ ಶತಮಾನದ ‘ಪದ್ಮಪುರಾಣ’ದಲ್ಲಿ ಕುಂಭಕರ್ಣ, ಇಂದ್ರಜಿತರು ಸಾಯುವುದಿಲ್ಲ, ಸೆರೆಯಾಗುತ್ತಾರೆ, ಬಳಿಕ ಬಿಡುಗಡೆ ಹೊಂದಿ ಜಿನದೀಕ್ಷೆ ವಹಿಸುತ್ತಾರೆ. ಎಲ್ಲವನ್ನೂ ಕಳೆದುಕೊಂಡವನ ತ್ಯಾಗಕ್ಕೆ ಬೆಲೆಯೇನು ಎಂದು ಕೇಳುವವರುಂಟು, ಮತ್ತು ಆ ಸಂಶಯ ಕ್ಷುಲ್ಲಕವಲ್ಲ. ದಾರಿ ಮುಚ್ಚಿದಾಗ ಬರುವ ವೈರಾಗ್ಯವು ದಾರಿ ತೆರೆದೊಡನೆ ಹಾರಿಹೋಗುವುದುಂಟು. ಆದರೆ ಇವರಿಗೆ ದಾರಿ ತೆರೆದೇ ಇತ್ತು. ಹಿಂದಿನ ಭೋಗಗಳನ್ನು ಮತ್ತೆ ಅನುಭವಿಸಿಕೊಂಡಿರಬಹುದೆಂದು ಗೆದ್ದವರೇ ಹೇಳಿದ್ದರು. ಅವರು ಒಲ್ಲೆವೆಂದರು. ಸೋಲು ಅವರಿಂದ ಕಸಿದುಕೊಂಡುದು ಒಂದು, ಅವರಾಗಿ ಬಿಟ್ಟುದು ಮತ್ತೊಂದು.

ರಾವಣನಿಗಾದರೋ ಅವಕಾಶವು ಅಲ್ಲಿಗೇ ಮುಗಿಯಲಿಲ್ಲ. ಅಚ್ಯುತ ಕಲ್ಪದಲ್ಲಿ ಪ್ರತೀಂದ್ರಪದವಿ ಪಡೆದ ಸೀತೆಯ ಜೀವವು ನರಕಕ್ಕೆ ಇಳಿದುಹೋಗಿ ಅವನಿಗೆ ಧರ್ಮಬೋಧೆ ಮಾಡುತ್ತದೆ. ಅಲ್ಲಿ ಗೆಲ್ಲುವುದಕ್ಕೆ ಯುದ್ಧವಿರಲಿಲ್ಲ, ಕಾಪಾಡಿಕೊಳ್ಳಲು ಕೀರ್ತಿಯೂ ಇರಲಿಲ್ಲ. ಅವನು ಸಮ್ಯಕ್ತ್ವವನ್ನು ಪಡೆದುದು ಅಲ್ಲಿ.