ಶಬ್ದಪ್ರಮಾಣ ಮತ್ತು ಆನ್‌ಲೈನ್ ವಂಚನೆ

ಮನುಷ್ಯನಿಗೆ ತಿಳಿದಿರುವುದರಲ್ಲಿ ಬಹುಪಾಲು ಅವನು ಕಣ್ಣಾರೆ ಕಂಡದ್ದಲ್ಲ, ಇನ್ನೊಬ್ಬರು ಹೇಳಿದ್ದು. ತನ್ನ ಹುಟ್ಟಿದ ದಿನ, ಖಾತೆಯಲ್ಲಿ ಉಳಿದಿರುವ ಹಣ, ವೈದ್ಯರು ಬರೆದುಕೊಟ್ಟ ಮಾತ್ರೆಯ ಗುಣ, ಎಲ್ಲವೂ ಪರರ ಮಾತಿನಿಂದ ಬಂದ ಅರಿವೇ. ಇದನ್ನು ಶಬ್ದಪ್ರಮಾಣ, ಅಂದರೆ ಮಾತಿನಿಂದ ಅರಿಯುವ ಸಾಧನ ಎಂದು ಕರೆದ ನ್ಯಾಯ, ಮೀಮಾಂಸೆ ದರ್ಶನಗಳು ನೇರವಾಗಿ ಕಾಣುವ ಪ್ರತ್ಯಕ್ಷ, ತರ್ಕದಿಂದ ಅರಿಯುವ ಅನುಮಾನಗಳ ಸಾಲಿನಲ್ಲೇ ಇದಕ್ಕೂ ಸ್ಥಾನ ಕೊಟ್ಟವು. ಆನ್‌ಲೈನ್ ವಂಚನೆಗೆ ಯಾರು ಬೇಕಾದರೂ ಏಕೆ ಬೀಳಬಹುದು ಎಂಬುದು ಈ ಪ್ರಮಾಣದ ಸ್ವಭಾವದಿಂದಲೇ ಅರ್ಥವಾಗುತ್ತದೆ.

ಮೀಮಾಂಸಕ ಕುಮಾರಿಲ ಭಟ್ಟನ ಪ್ರಕಾರ ಜ್ಞಾನ ಹುಟ್ಟುವಾಗಲೇ ಪ್ರಮಾಣವಾಗಿ ಹುಟ್ಟುತ್ತದೆ. ಅದು ಸುಳ್ಳೆಂದಾಗಲು ಅದಕ್ಕೆ ವಿರುದ್ಧವಾದ ಜ್ಞಾನ ಬರಬೇಕು, ಇಲ್ಲವೇ ಅದರ ಮೂಲದಲ್ಲಿ ದೋಷವಿದೆಯೆಂದು ತಿಳಿಯಬೇಕು. ಅಲ್ಲಿಯವರೆಗೆ ನಂಬುವುದೇ ಸಹಜ. ಕಾರಣ ಬೇಕಾಗುವುದು ಸಂಶಯಕ್ಕೆ.

‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆ ಸುಳ್ಳನ್ನು ಗುರುತಿಸುವ ಈ ಎರಡು ದಾರಿಗಳನ್ನೂ ಮುಚ್ಚುತ್ತದೆ. ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಆಧಾರ್ ದುರ್ಬಳಕೆಯಾಗಿದೆ ಎಂದು ಪೊಲೀಸರ ಸೋಗಿನಲ್ಲಿ ಕರೆ ಬರುತ್ತದೆ. ವಿಡಿಯೊ ಕರೆ ಕಡಿಯಕೂಡದು, ಮನೆಯವರ ಮುಂದೆಯೂ ಬಾಯಿ ಬಿಡಕೂಡದು ಎಂಬ ಆಜ್ಞೆಯೂ ಜೊತೆಗೇ ಬರುತ್ತದೆ. ‘ಇದು ಸುಳ್ಳು’ ಎನ್ನಬಲ್ಲ ಮಗಳೋ ನೆರೆಯವರೋ ಹೀಗೆ ಹೊರಗುಳಿಯುತ್ತಾರೆ. ಸಮವಸ್ತ್ರ, ಲಾಂಛನವಿರುವ ಪತ್ರ, ಠಾಣೆಯಂತೆ ಸಜ್ಜುಗೊಳಿಸಿದ ಕೋಣೆ ಮೂಲದ ದೋಷವನ್ನು ಮರೆಸುತ್ತವೆ. 2024ರಲ್ಲಿ ಲುಧಿಯಾನದ ಹಿರಿಯ ಉದ್ಯಮಿಯೊಬ್ಬರಿಗೆ ಸುಪ್ರೀಂ ಕೋರ್ಟಿನ ನಕಲಿ ವಿಚಾರಣೆಯನ್ನೇ ತೋರಿಸಿ 7 ಕೋಟಿ ರೂಪಾಯಿ ಕಿತ್ತುಕೊಂಡರು. ಭಾರತದ ಕಾನೂನಿನಲ್ಲಿ ಇಂಥ ಬಂಧನವೇ ಇಲ್ಲ.

ನ್ಯಾಯದರ್ಶನದವರಾದ ನೈಯಾಯಿಕರು ಇಷ್ಟು ಸುಲಭವಾಗಿ ನಂಬುವವರಲ್ಲ. ಅವರಿಗೆ ಜ್ಞಾನದ ಪ್ರಾಮಾಣ್ಯ, ಅಂದರೆ ಅದು ನಿಜವೆಂಬುದು, ಹೊರಗಿನಿಂದ ಸಿದ್ಧವಾಗಬೇಕು. ಹೇಳುವವನು ಆಪ್ತನಾಗಿರಬೇಕು: ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲದ್ದನ್ನು ಇದ್ದಂತೆ ತಿಳಿಸಬಯಸುವವನು. ಈ ಲಕ್ಷಣ ಋಷಿಗೂ ಮ್ಲೇಚ್ಛನಿಗೂ ಒಂದೇ ಎಂದು ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ ಹೇಳಿದ್ದು ಅವನ ದೊಡ್ಡತನ. ಆದರೆ ಎದುರಿಗಿರುವವನು ಆಪ್ತನೆಂದು ತಿಳಿಯುವುದು ಹೇಗೆ? ನ್ಯಾಯದರ್ಶನದ ಮುಖ್ಯ ಒರೆಗಲ್ಲು ಸಫಲ ಪ್ರವೃತ್ತಿ. ನೀರೆಂದು ಕಂಡದ್ದನ್ನು ಕುಡಿದು ದಾಹ ತಣಿದರೆ ಆ ಜ್ಞಾನ ನಿಜ. ಬಿಸಿಲ್ಗುದುರೆಯ ಬೆನ್ನು ಹತ್ತಿದವನಿಗೆ ನಡೆದ ಶ್ರಮವಷ್ಟೇ ನಷ್ಟ. ಹಣ ಕಳಿಸಿ ನೋಡುವವನಿಗಾದರೋ ಪರೀಕ್ಷೆಯೇ ನಷ್ಟ. ಇನ್ನೊಂದು ಗುರುತನ್ನೂ ಅವರು ಹೇಳಿದರು: ಹಿಂದೆ ನಿಜವೆಂದು ಸಿದ್ಧವಾದ ಜ್ಞಾನದ ಜಾತಿಗೇ ಹೊಸದೂ ಸೇರಿದ್ದರೆ ಅದನ್ನೂ ನಂಬಬಹುದು. ನಕಲಿ ಸಂದೇಶಗಳಿಂದ ಗುಟ್ಟಿನ ವಿವರ ಕದಿಯುವ ಫಿಶಿಂಗ್ ನಡೆಯುವುದೇ ಇದರ ಬಲದಿಂದ. ಬ್ಯಾಂಕಿನದೇ ಬಣ್ಣ, ಅದೇ ಧಾಟಿಯ ಎಸ್‌ಎಂಎಸ್, ಒಂದಕ್ಷರವಷ್ಟೇ ಬದಲಾದ ವೆಬ್ ವಿಳಾಸ. ಕೆವೈಸಿ ಅವಧಿ ಮುಗಿಯುತ್ತಿದೆ ಎಂಬ ನಿಜವಾದ ಸಂದೇಶಗಳ ನಡುವೆಯೇ ಸುಳ್ಳು ಸಂದೇಶವೂ ಬಂದು ಕೂರುತ್ತದೆ.

ಹೀಗೆ, ಒಂದನ್ನೊಂದು ಖಂಡಿಸುವ ಎರಡು ಸಿದ್ಧಾಂತಗಳ ಕಾವಲನ್ನೂ ಮೋಸ ದಾಟುತ್ತದೆ. ಓದು ಇದಕ್ಕೆ ತಡೆಯಲ್ಲ. ಕಾನೂನಿಗೆ ತಲೆಬಾಗಿ ಬಾಳಿದವರು ನ್ಯಾಯಾಲಯದ ಹೆಸರು ಕೇಳಿದೊಡನೆ ಇನ್ನಷ್ಟು ಬೇಗ ನಡುಗಬಹುದು. ಹಾಗೆಂದು ಶಬ್ದಪ್ರಮಾಣವನ್ನೇ ಒಪ್ಪದ ಚಾರ್ವಾಕರ ದಾರಿ ಹಿಡಿದರೆ ಬ್ಯಾಂಕು, ಆಸ್ಪತ್ರೆ, ಶಾಲೆ ಯಾವುದೂ ನಡೆಯದು. ಮಾತನ್ನು ತಂದವನ ದಾರಿಯನ್ನು ಬಿಟ್ಟು, ಮೂಲವನ್ನು ತಾನೇ ತಲುಪುವುದು ಸಾಧ್ಯವಿರುವ ಪರೀಕ್ಷೆ: ಕರೆ ಕಡಿದು, ಪಾಸ್‌ಬುಕ್ಕಿನಲ್ಲಿರುವ ಸಂಖ್ಯೆಗೆ ಫೋನ್ ಮಾಡುವುದು, ಠಾಣೆಗೆ ಹೋಗಿ ವಿಚಾರಿಸುವುದು.

ಮೋಸಹೋದವರನ್ನು ದಡ್ಡರೆಂದು ಹಳಿಯುವುದು ತತ್ತ್ವದ ದೃಷ್ಟಿಯಿಂದಲೂ ತಪ್ಪು, ಫಲದ ದೃಷ್ಟಿಯಿಂದಲೂ ಕ್ರೂರ. ನಾಚಿಕೆಯಿಂದ ದೂರು ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹರಿದು ಕೈತಪ್ಪುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ತಿಳಿಸಿದರೆ ಅದನ್ನು ನಡುವೆಯೇ ತಡೆಹಿಡಿಯಲು ಅವಕಾಶವಿರುತ್ತದೆ.