ಕಣ್ಣು, ಕೈ, ಕುಡುಗೋಲು

(ಓದತಕ್ಕ ಭಾಗ: ಧರ್ಮೋಪದೇಶಕಾಂಡ 23ನೇ ಅಧ್ಯಾಯ, 24 ಮತ್ತು 25ನೇ ವಚನಗಳು)



ಮುಂಗಾರಿನ ನಾಲ್ಕು ಮಳೆ ಬಿದ್ದ ಮೇಲೆ ಹೊಲದ ಬದುಗಳನ್ನು ನೋಡಿರಿ. ಯಾರೂ ಬಿತ್ತದ ಸ್ಥಳದಲ್ಲಿ ಅಣ್ಣೆ, ಹೊನಗೊನೆ, ಗೋಣಿ ಸೊಪ್ಪುಗಳು ಚಿಗುರಿರುತ್ತವೆ. ಬೆಂಗಳೂರು, ಕೋಲಾರ ಸೀಮೆಗಳ ತಾಯಂದಿರು ಇವುಗಳನ್ನು ಕೂಡಿಸಿ ಬೆರಕೆ ಸೊಪ್ಪಿನ ಸಾರು ಮಾಡಿ ಮುದ್ದೆಯೊಡನೆ ಬಡಿಸುತ್ತಾರೆ. ಇದು ಬಡವನಿಗೂ ದೊರೆಯುವ ಹಬ್ಬದೂಟವಲ್ಲವೋ?

ಒಂದು ಆಗಸ್ಟ್ ತಿಂಗಳಲ್ಲಿ ನಾನು ಬೆಂಗಳೂರಿನ ಗಿರಿನಗರದ ಒಂದು ಮನೆಗೆ ಹೋಗಿದ್ದೆನು. ಆ ಮನೆಯ ಅಜ್ಜಿಯು ಹಳ್ಳಿಯಿಂದ ಒಂದು ಗಂಟು ಬೆರಕೆ ಸೊಪ್ಪನ್ನು ತಂದಿದ್ದಳು. ಮೊಮ್ಮಗನು ಅದನ್ನು ನೋಡಿ, “ಅಜ್ಜೀ, ಬೇಲಿಯಲ್ಲಿ ಕಿತ್ತದ್ದನ್ನು ತರಬೇಡ, ನನಗೆ ನಾಚಿಕೆಯಾಗುತ್ತದೆ” ಅಂದನು. ಅಜ್ಜಿಯು, “ಮಗಾ, ಯಾರೂ ಬಿತ್ತದ್ದನ್ನು ಬಿತ್ತಿದವನು ಯಾರು?” ಎಂದು ಮಾತ್ರ ಕೇಳಿದಳು. ಹುಡುಗನಿಗೆ ಉತ್ತರ ಹೊಳೆಯಲಿಲ್ಲ.

ಮರುದಿನ ನಾವೆಲ್ಲರೂ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದೆವು. 1760ರಲ್ಲಿ ಹೈದರಲಿಯು ಆರಂಭಿಸಿದ ಆ ತೋಟವು ಈಗ 240 ಎಕರೆಗಳಷ್ಟಿದೆ. 1889ರಲ್ಲಿ ಅಸ್ತಿವಾರ ಹಾಕಿದ ಗಾಜಿನ ಮನೆಯೊಳಗೆ ಹೂವುಗಳ ರಾಶಿಯನ್ನು ಕಂಡು ಅಜ್ಜಿಯು ಕೈಮುಗಿದು ನಿಂತಳು. ಅಲ್ಲಿ ಒಂದು ಎಸಳನ್ನೂ ಕೀಳುವಂತಿಲ್ಲ. ಅದು ಕಣ್ಣಿನ ತೋಟ. ನೋಡಿ ದೇವರನ್ನು ಸ್ತುತಿಸಿದರೆ ಸಾಕು.

ಬೇಲಿಯಾದರೋ ಕೈಯ ತೋಟ. ನೆರೆಯವನ ಪೈರಿನಲ್ಲಿ ಹಸಿದವನು ಕೈಯಿಂದ ತೆನೆ ಮುರಿದುಕೊಳ್ಳಬಹುದೆಂದೂ ಕುಡುಗೋಲು ಹಾಕಬಾರದೆಂದೂ ಮೋಶೆಯ ಧರ್ಮಶಾಸ್ತ್ರವು ವಿಧಿಸುತ್ತದೆ. ಕರ್ತನ ಶಿಷ್ಯರು ಹಾಗೆಯೇ ತೆನೆ ಕಿತ್ತು ತಿಂದರು. ಫರಿಸಾಯರು ಸಬ್ಬತ್ ದಿನದ ವಿಷಯದಲ್ಲಿ ತಪ್ಪು ಹಿಡಿದರೇ ಹೊರತು ಅದನ್ನು ಕಳ್ಳತನವೆನ್ನಲಿಲ್ಲ. ಕರ್ತನು ತನ್ನವರ ವಿಷಯವಾಗಿ ನಾಚಿಕೊಳ್ಳಲೂ ಇಲ್ಲ. ಹೀಗಿರಲಾಗಿ ಬದುವಿನ ಸೊಪ್ಪಿಗೆ ನಾವು ಯಾಕೆ ನಾಚಬೇಕು? ಆದರೆ ಕೈಗೆ ಬುದ್ಧಿಯಿರಲಿ. ಗುಲಗಂಜಿಯ ಕೆಂಪು ಬೀಜವು ಕಣ್ಣಿಗೆ ಅಂದ. ಜಗಿದು ನುಂಗಿದರೆ ಪ್ರಾಣಕ್ಕೆ ಅಪಾಯ. ಬಲ್ಲ ಹಿರಿಯರನ್ನು ಕೇಳದೆ ಯಾವದನ್ನೂ ತಿನ್ನಬೇಡಿರಿ. ಚರಂಡಿಯ ಅಂಚನ್ನೂ ಔಷಧ ಹೊಡೆದ ಹೊಲವನ್ನೂ ಬಿಟ್ಟುಬಿಡಿರಿ. ಚಿಗುರನ್ನು ಚಿವುಟಿರಿ, ಬೇರನ್ನು ಕೀಳಬೇಡಿರಿ. ನಾಳೆ ಇನ್ನೊಬ್ಬಳು ಮಡಿಲೊಡ್ಡಿ ಬರುವಳು.

ಕುಡುಗೋಲು ಹಾಕತಕ್ಕದ್ದು ನಮ್ಮ ಸ್ವಂತ ಹೊಲದಲ್ಲಿ. ಅಲ್ಲಿಯೂ ಮೂಲೆಗಳನ್ನು ಬಡವರಿಗೂ ಪರದೇಶಸ್ಥರಿಗೂ ಬಿಡಬೇಕೆಂದು ಅಪ್ಪಣೆಯಿದೆ. ಬೋವಜನ ಹೊಲದಲ್ಲಿ ಹಕ್ಕಲಾದ ರೂತಳು ಮೋವಾಬ್ ದೇಶದ ವಿಧವೆ. ಅವಳ ವಂಶದಲ್ಲಿಯೇ ದಾವೀದನೂ ನಮ್ಮ ರಕ್ಷಕನೂ ಹುಟ್ಟಿದರು. ನಾವಾದರೋ ಈಗ ಬೇಲಿಯನ್ನು ಕಡಿದು ಮುಳ್ಳುತಂತಿ ಎಳೆದು, ಕಳೆನಾಶಕ ಹೊಡೆದು, ಬದುವನ್ನು ಬೋಳು ಮಾಡುತ್ತೇವೆ. ಕಳೆಯೊಡನೆ ಯಾವ ವಿಧವೆಯ ಸಾರು ಸುಟ್ಟುಹೋಯಿತೆಂದು ವಿಚಾರಿಸುತ್ತೇವೋ?

ಪ್ರಿಯರೇ, ಈ ಮಳೆಗಾಲದಲ್ಲಿ ಒಂದು ಮಾರು ಬದುವನ್ನಾದರೂ ಹಾಗೆಯೇ ಬಿಡಿರಿ. ನಿಮ್ಮ ಮಕ್ಕಳನ್ನು ಅಜ್ಜಿಯ ಸಂಗಡ ಅಲ್ಲಿಗೆ ಕಳುಹಿಸಿ ಸೊಪ್ಪುಗಳ ಹೆಸರನ್ನು ಕಲಿಯಮಾಡಿರಿ. ಆ ಹುಡುಗನು ಆ ರಾತ್ರಿ ಎರಡು ಸಾರಿ ಸಾರು ಹಾಕಿಸಿಕೊಂಡನು. ಬಿತ್ತಿದವನು ಯಾರೆಂಬದು ಅವನಿಗೆ ಸ್ವಲ್ಪ ತಿಳಿದಿತ್ತೆಂದು ನಂಬುತ್ತೇನೆ. ನಮಗೂ ತಿಳಿಯಲಿ. ಆಮೆನ್.