ಗುರುತಿಲ್ಲದ ಜೀವಕ್ಕೆ ದಯೆ ಸಲ್ಲುವುದೆಂತು?

ಸಕಲ ಜೀವರಾಶಿಗಳಲ್ಲಿಯೂ ದಯೆ ಇರಬೇಕೆಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ವಾಚಕ ಮಹಾಶಯರೇ, ಯಾರೂ ಅಲ್ಲಗಳೆಯದ ಮಾತಿನಲ್ಲಿ ಒಂದು ಅಪಾಯವೂ ಉಂಟು. 'ಸಕಲ' ಎಂದೊಡನೆ ಯಾವುದೊಂದು ಜೀವಿಯೂ ಕಣ್ಣೆದುರು ನಿಲ್ಲುವುದಿಲ್ಲ. ಕಣ್ಣೆದುರು ನಿಲ್ಲದುದಕ್ಕಾಗಿ ನಾವು ಏನನ್ನೂ ಬಿಟ್ಟುಕೊಡಬೇಕಾಗಿಯೂ ಬರುವುದಿಲ್ಲ. ಆದುದರಿಂದ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅವಶ್ಯ: ನಾವು ಗುರುತಿಸಲಾರದ ಜೀವಕ್ಕೆ ನಮ್ಮ ದಯೆ ನಿಜವಾಗಿ ತಲುಪುವುದೇ?

ಪ್ರಶ್ನೆಯನ್ನು ಒಂದು ಹಕ್ಕಿಯ ಮೂಲಕ ವಿಚಾರಿಸೋಣ. ಮಠದ ಪ್ರಸಾದ ನಿಲಯದಲ್ಲಿ ಓದಿದವರು ಕೆಲವರು ಇಂದು ಉದ್ಯೋಗದ ನಿಮಿತ್ತ ಮಂಗಳೂರು ನಗರದಲ್ಲಿ ನೆಲೆಸಿದ್ದೀರಿ. ತಮ್ಮ ಅಂಗಳದ ದಾಸವಾಳದ ಗಿಡದಲ್ಲಿ ಕಪ್ಪು ಜುಟ್ಟು, ಕೆನ್ನೆಯ ಮೇಲೆ ಕೆಂಪು ಮಚ್ಚೆ ಉಳ್ಳ ಹಕ್ಕಿಯೊಂದು ಉಲಿಯುವುದನ್ನು ತಾವು ಕೇಳಿರಬಹುದು. ಅದು ಪಿಕಳಾರ, ಬುಲ್ಬುಲ್ ಎಂದೂ ಕರೆಯುವರು. ಅದಕ್ಕೆ ಸದ್ಯಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ನೇತ್ರಾವತಿಯು ಇಳಿದುಬರುವ ಪೂರ್ವದ ಘಟ್ಟಸಾಲಿನಲ್ಲಿ, ಮಳೆಕಾಡಿನ ಪೊದೆಗಳ ನಡುವೆ ಅದೇ ಕುಲದ ಇನ್ನೊಂದು ಹಕ್ಕಿ ಬಾಳುತ್ತಿದೆ. ಅದು ಬೂದುತಲೆಯ ಪಿಕಳಾರ. ಮದರಾಸು ಸೈನ್ಯದ ವೈದ್ಯನಾಗಿದ್ದ ಜೆರ್ಡನ್ ಎಂಬಾತನು 1839ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಪಶ್ಚಿಮಘಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇದಕ್ಕೆ ನೆಲೆಯಿಲ್ಲ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯು ಇದನ್ನು ಅಪಾಯಕ್ಕೆ ಸಮೀಪಿಸಿದ ಜೀವಿಗಳ ಸಾಲಿಗೆ ಸೇರಿಸಿದೆ. ಇಷ್ಟಾದರೂ 'ಪಿಕಳಾರವೇ? ಅದು ಬೇಕಾದಷ್ಟಿದೆ' ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಹೆಸರು ಒಂದೇ ಆದುದರಿಂದ, ಬಾಳುತ್ತಿರುವ ಹಕ್ಕಿಯ ಮರೆಯಲ್ಲಿ ಕುಗ್ಗುತ್ತಿರುವ ಹಕ್ಕಿ ಅಡಗಿಹೋಗುತ್ತದೆ.

ಇದನ್ನು ಗುರುತಿಸಲು ತಾಳ್ಮೆ ಬೇಕು. ಮೈಬಣ್ಣ ಎಲೆಯಂತೆ ಹಸಿರು, ತಲೆ ಬೂದು, ಹಣೆ ಹಳದಿಗೂಡಿದ ಹಸಿರು, ಕಣ್ಣು ನೀಲಿ ಬೆರೆತ ಬಿಳುಪು. ಅದೇ ಕಾಡಿನಲ್ಲಿ ಹಳದಿ ಹುಬ್ಬಿನ ಪಿಕಳಾರವೂ ಇದೆ. ಕಪ್ಪು ತಲೆ, ಕೆಂಡದಂತಹ ಕೊರಳಿನ ಪಿಕಳಾರವೂ ಇದೆ. ಈ ಎರಡನೆಯದಕ್ಕೂ ಕಣ್ಣು ಬಿಳಿಯೇ. ಆದ್ದರಿಂದ ಕಣ್ಣೊಂದನ್ನು ನೋಡಿ ತೀರ್ಮಾನಿಸಲಾಗದು. ತಲೆಯನ್ನೂ ಹಣೆಯನ್ನೂ ಕೊರಳನ್ನೂ ನೋಡಿ, ದನಿಯನ್ನೂ ಕೇಳಿ ನಿಶ್ಚಯಿಸಬೇಕು. ಒಂದು ಜೀವವನ್ನು ಇನ್ನೊಂದೆಂದು ಭ್ರಮಿಸದೆ ಅದನ್ನು ಅದಾಗಿಯೇ ಕಾಣುವ ಈ ಶ್ರಮವು ಕೇವಲ ಶಾಸ್ತ್ರಜ್ಞರ ಹವ್ಯಾಸವಲ್ಲ. ಅದು ದಯೆಯ ಮೊದಲ ಮೆಟ್ಟಿಲು.

ಏಕೆಂದರೆ ಅರಿವಿಲ್ಲದ ಕಣ್ಣಿಗೆ ಹಾನಿಯೂ ಕಾಣುವುದಿಲ್ಲ. ಈ ಹಕ್ಕಿ ಗೂಡು ಕಟ್ಟುವುದು ಎತ್ತರದ ಕೊಂಬೆಗಳಲ್ಲಲ್ಲ; ನೆಲಕ್ಕೆ ಹತ್ತಿರದ ಪೊದೆಗಳಲ್ಲಿ, ಎಳೆಯ ಗಿಡಗಳಲ್ಲಿ, ಓಟೆ ಬಿದಿರಿನ ಹಿಂಡುಗಳಲ್ಲಿ. ಇಡುವುದು ಒಂದೋ ಎರಡೋ ಮೊಟ್ಟೆ. ತೋಟಕ್ಕಾಗಿಯೋ ಸೌದೆಗಾಗಿಯೋ ಅಡಿಗಾಡನ್ನು ಸವರಿದರೆ ದೊಡ್ಡ ಮರಗಳು ಹಾಗೆಯೇ ನಿಂತಿರುತ್ತವೆ. ದಾರಿಹೋಕನು 'ಕಾಡು ಚೆನ್ನಾಗಿದೆ' ಎಂದು ಹೊಗಳುತ್ತಾನೆ. ಆದರೆ ಅಲ್ಲಿ ಈ ಹಕ್ಕಿಗೆ ಮನೆಯಿಲ್ಲ. ದಾಸೋಹ ಮಂದಿರದ ಕಂಬಗಳೆಲ್ಲ ನೆಟ್ಟಗೆ ನಿಂತಿದ್ದು ಒಲೆ ಮಾತ್ರ ಆರಿಹೋದರೆ, ಅದನ್ನು ದಾಸೋಹ ಮಂದಿರವೆನ್ನಬಹುದೇ?

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು: ಈ ಸಣ್ಣ ಹಕ್ಕಿಯಿಂದ ಪ್ರಯೋಜನವೇನು? ಹಣ್ಣು ತಿಂದು ಬೀಜ ಬಿತ್ತುತ್ತದೆ, ಹುಳುಗಳನ್ನು ತಿನ್ನುತ್ತದೆ ಎಂದು ಉತ್ತರ ಕೊಡಬಹುದು. ಅದು ನಿಜವೂ ಹೌದು. ಆದರೆ ಆ ಉತ್ತರದಲ್ಲಿಯೇ ನಿಲ್ಲುವುದು ನಮಗೆ ತಕ್ಕುದಲ್ಲ. ನಾವು ಬಾಲಕರಾಗಿ ಪ್ರಸಾದದ ಪಂಕ್ತಿಯಲ್ಲಿ ಕುಳಿತಾಗ 'ನಿನ್ನಿಂದ ಮಠಕ್ಕೇನು ಪ್ರಯೋಜನ?' ಎಂದು ಬಡಿಸುವವರು ಕೇಳಲಿಲ್ಲ. ಹಸಿವಿದ್ದುದೇ ಸಾಕಾಗಿತ್ತು. ಆ ಅನ್ನವನ್ನು ಉಂಡವರು ಇನ್ನೊಂದು ಜೀವದ ಮುಂದೆ ಪ್ರಯೋಜನದ ಲೆಕ್ಕ ತೆಗೆಯುವುದು ಹೇಗೆ?

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಂಭೀರವಾದುದು. ಕಾಡಿನಂಚಿನ ಬಡವನ ಸೌದೆಯ ಹೊರೆಯನ್ನು ಇಳಿಸಿ ಹಕ್ಕಿಯನ್ನು ಉಳಿಸುವುದು ಧರ್ಮವೇ? ಅಲ್ಲ. ಹೆಚ್ಚು ಪಡೆದವನೇ ಮೊದಲು ಕೈ ಹಿಡಿಯಬೇಕು. ಕುದುರೆಮುಖದ ಬೆಟ್ಟವನ್ನು ಅಗೆದು ತೆಗೆದ ಕಬ್ಬಿಣದ ಅದಿರು ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಹರಿದು ಮಂಗಳೂರಿನ ಪಣಂಬೂರಿಗೆ ಬರುತ್ತಿತ್ತು. ಸುಪ್ರೀಂ ಕೋರ್ಟು 2002ರಲ್ಲಿ ಕೊಟ್ಟ ತೀರ್ಪಿನಂತೆ 2005ರ ಕೊನೆಗೆ ಆ ಗಣಿ ನಿಂತಿತು. ನಗರದ ಕೈ ಬೆಟ್ಟವನ್ನು ಮುಟ್ಟಿತ್ತು. ಕಣ್ಣು ಮಾತ್ರ ಮುಟ್ಟಿರಲಿಲ್ಲ. ಕೈ ಹೋದಲ್ಲಿಗೆ ಕಣ್ಣೂ ಹೋಗಬೇಕೆಂಬುದೇ ಈ ಲೇಖನದ ಬಿನ್ನಹ. ಇಂದಿಗೂ ನಾವು ಕುಡಿಯುವ ನೇತ್ರಾವತಿಯ ನೀರು ಆ ಕಾಡುಗಳು ಹಿಡಿದಿಟ್ಟು ಬಿಟ್ಟುಕೊಟ್ಟ ನೀರೇ ಆಗಿದೆ.

ಆದರೆ ಅರಿವಿಗೂ ಒಂದು ಕೇಡು ತಗಲಬಹುದು. ಜೆರ್ಡನ್ನನ ಕಾಲದಲ್ಲಿ ಹಕ್ಕಿಯನ್ನು ಹೊಡೆದು ಕೈಗೆ ತೆಗೆದುಕೊಂಡೇ ಗುರುತಿಸುತ್ತಿದ್ದರು. ಇಂದು ಬಂದೂಕಿನ ಬದಲು ಮೊಬೈಲು ಬಂದಿದೆ. ಧ್ವನಿಮುದ್ರಿಸಿದ ಕೂಗನ್ನು ಕಾಡಿನಲ್ಲಿ ನುಡಿಸಿದರೆ, ಎದುರಾಳಿ ಬಂದನೆಂದು ಬಗೆದು ಹಕ್ಕಿ ಗೂಡು ಬಿಟ್ಟು ಹೊರಬರಬಹುದು. ಚಿತ್ರ ದೊರೆಯುತ್ತದೆ, ಮೊಟ್ಟೆ ಕಾವಿಲ್ಲದೆ ಉಳಿಯುತ್ತದೆ. ಇಂತಹ ಗುರುತಿಸುವಿಕೆ ಅರಿವಲ್ಲ, ಆಸೆ. ಆಚಾರವಾಗದ ಅರಿವು ಅಜ್ಞಾನಕ್ಕಿಂತ ಹೆಚ್ಚು ಹಾನಿ ಮಾಡಬಲ್ಲುದು.

ಹಾಗಾದರೆ ನಮ್ಮ ಆಚಾರವೇನು? ಗೂಡಿನ ಬಳಿಗೆ ಹೋಗದಿರುವುದು. ಕೂಗನ್ನು ನುಡಿಸಿ ಹಕ್ಕಿಯನ್ನು ಕರೆಯದಿರುವುದು. ಘಟ್ಟದಲ್ಲಿ ತೋಟವುಳ್ಳವರು ಹಳ್ಳದ ದಂಡೆಯ ಪೊದೆಗಳನ್ನು 'ಕಸ'ವೆಂದು ಸವರದೆ ಬಿಡುವುದು. ಕಂಡ ದಿನವನ್ನೂ ಸ್ಥಳವನ್ನೂ ಬರೆದಿಟ್ಟು ಅಭ್ಯಾಸಿಗಳಿಗೆ ತಿಳಿಸುವುದು. ಗೂಡಿನ ಜಾಗವನ್ನು ಮಾತ್ರ ಸಾರದಿರುವುದು. ಇವಾವುವೂ ದೊಡ್ಡ ತ್ಯಾಗಗಳಲ್ಲ. ಆದರೆ ಇವು ಒಂದು ನಿರ್ದಿಷ್ಟ ಜೀವಕ್ಕೆ ನಿಜವಾಗಿ ತಲುಪುವಂತಹವು.

ಮುಂದಿನ ಸಲ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಏರುವಾಗ, ತಂಗುವೆಡೆಯಲ್ಲಿ ವಾಹನದ ಸದ್ದು ನಿಲ್ಲಿಸಿ ಐದು ನಿಮಿಷ ಸುಮ್ಮನೆ ನಿಲ್ಲಿರಿ. ಹಕ್ಕಿ ಕಾಣದಿರಬಹುದು, ಚಿಂತೆಯಿಲ್ಲ. ಅದು ನಮಗೆ ಕಾಣಲೆಂದು ಬದುಕಿಲ್ಲ. ಆ ಪೊದೆಯಲ್ಲಿ ಅದು ಇರಬಹುದೆಂದು ಅರಿತು ಹಗುರವಾಗಿ ಹೆಜ್ಜೆ ಇಟ್ಟರೆ ಅಷ್ಟೇ ಸಾಕು. ಒಂದು ಜೀವವನ್ನಾದರೂ ಗುರುತಿಸಿ ಅದಕ್ಕಾಗಿ ತನ್ನ ನಡೆಯನ್ನು ತಿದ್ದಿಕೊಂಡವನ ಬಾಯಲ್ಲಿ 'ಸಕಲ ಜೀವರಾಶಿ' ಎಂಬ ಮಾತಿಗೆ ಅರ್ಥ ಬರುತ್ತದೆ.